ಏಳನೆಯ ಗೂಡು

ನವೆಂಬರ್ ಬಂತೆಂದರೆ ಆ ಹೊಳೆಗೆ ಯಾರೂ ಇಳಿಯುವಂತಿಲ್ಲ. ಟ್ರೌಟ್ ಮೀನುಗಳು ಬಾಲದಿಂದ ಜಲ್ಲಿ ಗುಡಿಸಿ, ತೊಳೆದಿಟ್ಟ ತಟ್ಟೆಯಂಥ ಬಿಳಿಚು ಗೂಡುಗಳಲ್ಲಿ ಮೊಟ್ಟೆಯಿಡುವ ಕಾಲ ಅದು. ‘ಬಿಳಿ ಜಲ್ಲಿ ತುಳಿಯಬೇಡಿ, ದಡದಿಂದಲೇ ಗಾಳ ಹಾಕಿ’ ಎಂದು ಹಲಗೆ ಬರೆದು ನೆಟ್ಟವನು ಹಾರ್ಲನ್ ಜೀಗ್ಲರ್. ಆ ಕಣಿವೆಯಲ್ಲಿ ಅವನ ಮಾತನ್ನು ತೆಗೆದುಹಾಕುವವರಿರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಅವನೊಬ್ಬನೇ ದಡದಲ್ಲಿದ್ದ. ಕೊಕ್ಕೆಗೆ ಗರಿ ಸುತ್ತಿ ಮಾಡಿದ ಅವನ ಪುಟ್ಟ ಹುಸಿನೊಣವನ್ನು ಮೊಳದುದ್ದದ ಮೀನೊಂದು ಕಚ್ಚಿ, ಎದುರು ದಡದ ಬೇರುಗಳತ್ತ ಓಡಿತು. ದಾರ ಹರಿಯುವುದರಲ್ಲಿತ್ತು. ಹಾರ್ಲನ್ ಎರಡು ಹೆಜ್ಜೆ ನೀರಿಗಿಳಿದ. ಮೀನನ್ನು ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೆ ಬಿಟ್ಟ ಮೇಲೆಯೇ ಕೆಳಗೆ ನೋಡಿದ್ದು. ಬೂಟುಗಳು ಬಿಳಿ ಜಲ್ಲಿಯೊಳಗೆ ಹೂತಿದ್ದವು. ಕಿತ್ತಳೆ ಬಣ್ಣದ ಮೊಟ್ಟೆಗಳು ಒಂದೊಂದಾಗಿ ಎದ್ದು ತೇಲಿಹೋಗುತ್ತಿದ್ದವು. ಸಣ್ಣ ಮೀನುಗಳು ಮುಗಿಬಿದ್ದು ತಿನ್ನುತ್ತಿದ್ದವು.

ಶನಿವಾರ ಗೂಡು ಎಣಿಸಲು ಕಣಿವೆಯ ಗಾಳಗಾರರೆಲ್ಲ ಸೇರಿದರು. ನಿವೃತ್ತ ವಿಜ್ಞಾನ ಟೀಚರ್ ಲೂಸಿಲ್ ಬ್ರಾಂಟ್ ಏಳನೆಯದರ ಬಳಿ ನಿಂತುಬಿಟ್ಟಳು.

“ಯಾವ ಆನೆ ಬಂದಿತ್ತಪ್ಪಾ ಇಲ್ಲಿಗೆ? ಎರಡೂ ಕಾಲು ಇಟ್ಟಿದೆ ನೋಡಿ!”

ಕಣ್ಣುಗಳೆಲ್ಲ ಡ್ವೇನ್ ಕೆಸ್ಲರನ ಕಡೆ ತಿರುಗಿದವು. ಲಾರಿ ಮೆಕ್ಯಾನಿಕ್, ಆ ಬೇಸಿಗೆಯಲ್ಲಷ್ಟೇ ಮೊದಲ ಸಲ ಗಾಳ ಹಿಡಿದವನು.

“ಸೋಮವಾರ ಈ ತಿರುವಲ್ಲೇ ದಾಟಿದ್ದೆ,” ಎಂದ ಡ್ವೇನ್. ಕಿವಿ ಕೆಂಪಾಗಿತ್ತು. “ಜಲ್ಲಿ ಬಿಟ್ಟು ಆಚೆ ದಾಟಿದೆ ಅನ್ಕೊಂಡಿದ್ದೆ. ನಂದೇ ಇರ್ಬೇಕು.”

“ಅನ್ಕೊಳ್ಳೋದಲ್ಲ ಮಾರಾಯ, ನೋಡ್ಬೇಕು! ಹಲಗೆ ಹಾಕಿರೋದು ಮೀನು ಓದ್ಲಿ ಅಂತಾನಾ?”

ಬಾಯಿ ಬಿಡಲು ಹಾರ್ಲನ್‌ಗೆ ಅದೇ ಸಮಯವಾಗಿತ್ತು. ಬಿಟ್ಟ ಕೂಡ.

“ಹೋಗ್ಲಿ ಬಿಡು ಲೂಸಿಲ್. ಹೊಸಬ. ಕಲೀತಾನೆ.”

ಡ್ವೇನ್ ಅವನತ್ತ ಕೃತಜ್ಞತೆಯಿಂದ ನೋಡಿದ.

ಚಳಿಗಾಲವಿಡೀ ಡ್ವೇನ್ ಒಂದು ಭಾನುವಾರವೂ ಹೊಳೆಗೆ ಬರುವುದನ್ನು ತಪ್ಪಿಸಲಿಲ್ಲ. ಸುತ್ತ ಹಿಮ ಬಿದ್ದಿದ್ದರೂ ನೆಲದಡಿಯ ಸುಣ್ಣಕಲ್ಲಿನ ಒರತೆಯಿಂದ ಬರುವ ಹೊಳೆನೀರು ಹೆಪ್ಪುಗಟ್ಟದೆ ಹಬೆಯಾಡುತ್ತಿತ್ತು; ಅದರಂಚಿಗೆ ಕೂತು ಒಬ್ಬನೇ ಕಸ ಹೆಕ್ಕಿದ, ದಡ ಕುಸಿಯದಂತೆ ಬೇಗ ಬೇರು ಬಿಡುವ ವಿಲೋ ಮರದ ಕಡ್ಡಿ ನೆಟ್ಟ. ಹಾರ್ಲನ್ ಕಾಫಿ ಒಯ್ದು ಕೊಡುತ್ತಿದ್ದ. ಪ್ರತಿ ಸಲವೂ ಹೇಳಿಬಿಡಬೇಕೆಂದು ಹೋಗಿ, ಕಾಫಿಯನ್ನಷ್ಟೇ ಕೊಟ್ಟು ಬರುತ್ತಿದ್ದ. ಫೆಬ್ರವರಿ ಕೊನೆಗೆ ಉಳಿದ ಆರು ಗೂಡುಗಳ ಸುತ್ತ ಸೂಜಿಯಷ್ಟು ಮರಿಗಳು ಕಂಡವು. ಏಳನೆಯದರ ಬಳಿ ಡ್ವೇನ್ ಮೊಣಕಾಲೂರಿ ಬಹಳ ಹೊತ್ತು ಹುಡುಕಿದ.

“ಒಂದಾದ್ರೂ ಇರುತ್ತೆ ಅಂತಿದ್ದೆ ಸರ್.”

ಹಾರ್ಲನ್ ಅವನ ಬೆನ್ನು ತಟ್ಟಿದ. ತಟ್ಟಿದ ಕೈ ತನ್ನದಲ್ಲ ಎನಿಸಿತು.

ಮೇ ತಿಂಗಳಲ್ಲಿ ಹಳದಿ ನೊಣಗಳು ನೀರಿನಿಂದೆದ್ದವು. ಅವನ್ನು ಹಿಡಿಯಲು ಸಂಜೆ ಹೊಳೆ ತುಂಬ ಮೀನುಗಳು ಬಾಯಿ ತೆರೆಯುತ್ತಿದ್ದವು. ಗೂಡಿನ ಕಾಲ ಮುಗಿದು ಎಲ್ಲರೂ ನೀರಿಗಿಳಿದಿದ್ದರು. ಡ್ವೇನ್ ಮಾತ್ರ ದಡದಲ್ಲೇ ನಿಂತು ಗಾಳ ಬೀಸುತ್ತ ಪೊದೆಗೆ ಸಿಕ್ಕಿಸಿಕೊಳ್ಳುತ್ತಿದ್ದ.

“ಇಳಿಯೋ, ಈಗೇನೂ ಪರವಾಗಿಲ್ಲ,” ಎಂದ ಹಾರ್ಲನ್.

“ಬೇಡ ಸರ್. ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಇಲ್ಲ.”

ಹಾರ್ಲನ್ ಗಾಳದ ಕೋಲನ್ನು ಹುಲ್ಲಿನ ಮೇಲಿಟ್ಟ. “ಅದು ನಾನು, ಡ್ವೇನ್. ಏಳನೇ ಗೂಡು. ಮಂಗಳವಾರ. ಒಂದು ಮೀನಿನಾಸೆಗೆ.”

ಡ್ವೇನ್ ಪೊದೆಯಿಂದ ದಾರ ಬಿಡಿಸುತ್ತಲೇ ಇದ್ದ. ಕೊಕ್ಕೆ ಕೈಗೆ ಬಂದ ಮೇಲೆ ಕೇಳಿದ.

“ಅವತ್ತು ಎಲ್ಲರ ಮುಂದೆ ನನ್ನನ್ನ ಕ್ಷಮಿಸಿದ್ರಲ್ಲ ಸರ್, ನೀವು?”

ಹಾರ್ಲನ್ ಹೌದೆನ್ನುವಂತೆ ತಲೆಯಾಡಿಸಿದ. ಡ್ವೇನ್ ದಾರ ಸುತ್ತಿಕೊಂಡು ತನ್ನ ಗಾಡಿಯತ್ತ ನಡೆದ.

ಶನಿವಾರ ಹಾರ್ಲನ್ ಎಲ್ಲರ ಮುಂದೆ ನಿಂತು ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆರು ತಿಂಗಳು,” ಎಂದಳು ಲೂಸಿಲ್. “ನಾನೂ ಆ ಹುಡುಗನ್ನ ಬಾಯಿಗೆ ಬಂದಂಗೆ ಅಂದೆ. ಎಲ್ಲಿ ಅವನು?”

ಡ್ವೇನ್ ಬಂದಿರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಹಾರ್ಲನ್ ಅವನ ಗ್ಯಾರೇಜಿಗೆ ಹೋದ. ಲಾರಿಯೊಂದರ ಅಡಿಯಿಂದ ಡ್ವೇನನ ಬೂಟುಗಳಷ್ಟೇ ಕಾಣುತ್ತಿದ್ದವು. ಎಲ್ಲರಿಗೂ ಹೇಳಿದೆ, ಇನ್ನು ಬಾ, ಎಂದು ಹಾರ್ಲನ್ ಆ ಬೂಟುಗಳಿಗೆ ಹೇಳಿದ.

“ಕೇಳಿಸ್ತು ಸರ್,” ಎಂದಿತು ಅಡಿಯಿಂದ ದನಿ. “ಕೈ ಎಣ್ಣೆಯಾಗಿದೆ. ನೀವು ಹೊರಡಿ.”

ಸ್ಪಾನರ್ ತಿರುಗುವ ಸದ್ದು ಮತ್ತೆ ಶುರುವಾಯಿತು.