ಅಮ್ಮನ ಸೆಟ್ಟಿಂಗ್

ಒಂಟೆ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದಾಗ ಟೈಲರಮ್ಮ ಯಾರದೋ ಕೋಟಿಗೆ ಕಾಜಾ ಹೊಲಿಯುತ್ತಿದ್ದಳು. ಹುಡುಗನಿಗೆ ಒಂಟೆ ಅಂತ ಹೆಸರಿಟ್ಟವಳೂ ಅವಳೇ. ಮಗಳ ಬ್ಯಾಂಡಿನಲ್ಲಿ ಎರಡನೇ ಗಿಟಾರ್ ನುಡಿಸುವ ಈ ಉದ್ದನೆಯ ಹುಡುಗ ಮೊದಲ ಸಲ ಮನೆಗೆ ಬಂದಾಗ ಬಾಗಿಲ ಚೌಕಟ್ಟಿಗೆ ಹಣೆ ಜಜ್ಜಿಕೊಂಡಿದ್ದ. ಆ ದಿನ ಮಗಳು ನಕ್ಕಿದ್ದೇ ನಕ್ಕಿದ್ದು. ಈಗ ಮಗಳಿಲ್ಲ. ಕಾರ್ಯಕ್ರಮ ಮುಗಿಸಿ ಬರುವಾಗ ವ್ಯಾನು ಮಗುಚಿತು. ಅವಳೂ ಹೋದಳು, ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಬೆಲ್ಟು ಕಟ್ಟಿ ಕೂರಿಸಿದ್ದ, ಗಿಟಾರಿನ ಸದ್ದು ಹಿಗ್ಗಿಸುವ ಅವಳ ಆಂಪ್ ಹೆಡ್ಡೂ ಹೋಯಿತು. ಅಂದಿನಿಂದ ಒಂಟೆ ಆಗಾಗ ಬಂದು, ಕೂತು, ನೀರು ಕುಡಿದು, ತುಟಿ ಪಿಟಕ್ಕೆನ್ನದೆ ಎದ್ದುಹೋಗುತ್ತಿದ್ದ.

ಇವತ್ತು ಬಾಯಿ ಬಿಟ್ಟ. "ಅಮ್ಮಾ, ಅವಳ ಹಾಡು ಅರ್ಧಕ್ಕೆ ನಿಂತಿದೆ. ಮಿಕ್ಕಿದ್ದನ್ನ ನಾನು ನುಡಿಸಿ ಸೇರಿಸ್ಬೇಕು. ಆದ್ರೆ ಅವಳ ಗಿಟಾರಿನ ಆ ಧ್ವನಿ ಬರ್ತಾನೇ ಇಲ್ಲ. ಹೊಸ ಹೆಡ್ ತಗೋಬೇಕು. ನೀವೂ ಅಂಗಡಿಗೆ ಬನ್ನಿ."

"ನಾನಾ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ನನಗೆ ಗೊತ್ತಿರೋದು ಅದರಿಂದ ಬರೋ ತಲೆನೋವು ಒಂದೇ."

"ಅವಳು ನುಡಿಸೋದನ್ನ ನಿಮ್ಮಷ್ಟು ಕೇಳಿದವರು ಇನ್ಯಾರಿದ್ದಾರೆ?"

ಅದು ಮಾತ್ರ ನಿಜ. ಗೋಡೆಯ ಆಚೆ ಮಗಳ ಕೋಣೆ, ಈಚೆ ಇವಳ ಹೊಲಿಗೆ ಯಂತ್ರ. "ಏ, ಕಮ್ಮಿ ಮಾಡೇ, ತಲೆ ಒಡೀತಿದೆ!" ಎಂದು ಇವಳು ಕೂಗುವುದು, "ಇದೊಂದೇ ಸಲ ಅಮ್ಮಾ!" ಎಂದು ಅವಳು ಕೂಗುವುದು. ಆ ಒಂದೇ ಸಲ ಯಾವತ್ತೂ ಮುಗಿದದ್ದಿಲ್ಲ.

ಅಂಗಡಿಯಲ್ಲಿ ಹೆಡ್ಡುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಒಳಗೆ ಬಲ್ಬಿನಂಥ ವಾಲ್ವು, ಮುಂದೆ ಸಾಲಾಗಿ ತಿರುಗಿಸುವ ನಾಬು. ಒಂದನ್ನು ಆರಿಸಿ ತಂದು ಮನೆಯಲ್ಲಿರುವ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಬೇಕು. ಒಂಟೆ ಫೋನಿನಲ್ಲಿ ಮಗಳ ಹಾಡಿನ ತುಣುಕು ಕೇಳಿಸುತ್ತಿದ್ದ, ಆಮೇಲೆ ತಾನು ಅದನ್ನೇ ನುಡಿಸುತ್ತಿದ್ದ. ಮೊದಲನೆಯದಕ್ಕೆ ಟೈಲರಮ್ಮ ಕಿವಿ ಮುಚ್ಚಿಕೊಂಡಳು. "ಯಪ್ಪಾ, ಪಾತ್ರೆ ಅಂಗಡಿ!" ಎರಡನೆಯದಕ್ಕೆ, "ಇದಕ್ಕೆ ಶೀತ ಆಗಿದೆ ಕಣಪ್ಪ, ಮೂಗು ಕಟ್ಟಿದೆ" ಅಂದಳು. ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. ಮೂರನೆಯದಕ್ಕೆ ಅವಳು ತಮಾಷೆ ಮಾಡಲಿಲ್ಲ.

"ಇದು ಅವಳ ತಂಗಿ ಇದ್ದ ಹಾಗಿದೆ. ಅವಳಲ್ಲ."

"ವಾಲ್ವ್ ಆಂಪು ಜೋರಾಗಿ ಇಟ್ರೇನೇ ಬಾಯಿ ಬಿಡೋದು ಅಮ್ಮಾ," ಅಂದ ಅಂಗಡಿಯವನು. "ಇಲ್ಲಿ ಆಗಲ್ಲ, ಅಕ್ಕಪಕ್ಕದವರು ಜಗಳಕ್ಕೆ ಬರ್ತಾರೆ. ಮನೆಗೆ ಒಯ್ದು ನೋಡಿ. ಹೊಂದದಿದ್ರೆ ನಾಳೆ ವಾಪಸ್ ತನ್ನಿ."

ಮಗಳ ಕೋಣೆಯ ಬಾಗಿಲನ್ನು ಟೈಲರಮ್ಮನೇ ತೆರೆದಳು. ಸ್ಪೀಕರ್ ಪೆಟ್ಟಿಗೆ ಗೋಡೆಗೆ ಮುಖ ಮಾಡಿಕೊಂಡು, ಚಿಂದಿ ಬಟ್ಟೆ ಜೋಡಿಸಿ ಟೈಲರಮ್ಮ ಹೊಲಿದ ದಪ್ಪ ರಜಾಯಿ ಹೊದ್ದು ಕೂತಿತ್ತು. ಧೂಳು ಕೂರದಿರಲಿ ಅಂತ ಯಾರೋ ಹಾಗಿಟ್ಟಿದ್ದಾರೆ ಅಂದುಕೊಂಡು ಒಂಟೆ ರಜಾಯಿ ತೆಗೆದ, ಪೆಟ್ಟಿಗೆಯನ್ನು ಈಚೆ ತಿರುಗಿಸಿದ. ಅವಳು ರಜಾಯಿಯನ್ನು ಎದೆಗವಚಿಕೊಂಡು ಹೊರಗೆ ಬಂದುಬಿಟ್ಟಳು.

ಅವನು ವಾಲ್ಯೂಮನ್ನು ಎಂಟಕ್ಕೆ ಏರಿಸಿದ. ಕಿಟಕಿಯ ಗಾಜು ಗಡಗಡ ಅಂದಿತು, ಇತ್ತ ಮೇಜಿನ ಮೇಲಿನ ಕತ್ತರಿ ತಾನೇ ಸರಿಯಿತು. ಟ್ರೆಬಲ್ ಏರಿಸಿದ, ಇಳಿಸಿದ, ಬಾಸ್ ತಿರುವಿದ. ಮಧ್ಯಾಹ್ನವೆಲ್ಲ ಹಾಗೇ ಹೋಯಿತು. ಕೊನೆಗೆ ಕೋಣೆಯಿಂದ ಬರಿಯ ಮಾತು ಬಂತು.

"ಬರ್ತಿಲ್ಲ ಅಮ್ಮಾ. ಬಿಡಿ. ಅರ್ಧಕ್ಕೇ ಇರ್ಲಿ."

ಅರ್ಧ ಅನ್ನುವ ಮಾತು ಅವಳ ಕರುಳಿಗೆ ಚುಚ್ಚಿತು. ಜನ್ಮದಲ್ಲಿ ಒಂದು ಅಂಗಿಯನ್ನೂ ಅರ್ಧಕ್ಕೆ ಬಿಟ್ಟವಳಲ್ಲ ಅವಳು. ಹೆತ್ತ ಮಗಳೇ ಅರ್ಧಕ್ಕೆ ಎದ್ದುಹೋಗಿದ್ದಾಳೆ, ಈಗ ಹಾಡೂ ಹಾಗೇನಾ? ರಜಾಯಿ ಹಿಡಿದುಕೊಂಡು ದಡದಡ ಒಳಗೆ ನುಗ್ಗಿದಳು.

"ಲೋ ಒಂಟೆ, ಇಷ್ಟು ಜೋರಾಗಿ ಅವಳು ನುಡಿಸಿದ್ರೆ ನಾನು ಸುಮ್ನೆ ಬಿಡ್ತಿದ್ನಾ? ಆ ವಾಲ್ಯೂಮು ಎರಡಕ್ಕೆ ಇಳಿಸು."

"ಎರಡಕ್ಕೆ ಇಟ್ರೆ ಜೀವಾನೇ ಇರಲ್ಲ ಅಮ್ಮಾ..." ಅಂದವನು ನಾಲಿಗೆ ಕಚ್ಚಿಕೊಂಡ.

"ಇಳಿಸು ಅಂದ್ರೆ ಇಳಿಸು." ಅವಳೇ ಪೆಟ್ಟಿಗೆಯನ್ನು ಗೋಡೆಗೆ ತಿರುಗಿಸಿ ರಜಾಯಿ ಹೊದಿಸಿದಳು. "ನನ್ನ ಕಾಟಕ್ಕೆ ಅವಳು ಹೀಗೇ ಇಟ್ಟು ನುಡಿಸ್ತಿದ್ಲು. ಈಗ ಆ ವಾಲ್ಯೂಮಿನ ಪಕ್ಕದ್ದು ಏರಿಸು. ನಾನು ಬೈದು ವಾಲ್ಯೂಮು ಕಮ್ಮಿ ಮಾಡಿಸಿದಾಗೆಲ್ಲ ಅವಳು ಕದ್ದು ಅದನ್ನ ಏರಿಸ್ತಿದ್ಲು. ನಾನೇನು ದಡ್ಡೀನಾ?"

ಪಕ್ಕದ್ದು ಗೇನ್. ವಾಲ್ಯೂಮು ತಗ್ಗಿದ್ದರೂ ಧ್ವನಿಗೆ ಬಿಸಿ ಕೊಡುವ ನಾಬು ಅದು. ಒಂಟೆ ಅದನ್ನು ಏಳರವರೆಗೆ ಒಯ್ದು, ತಂತಿಯನ್ನೊಮ್ಮೆ ಮೀಟಿದ. ಮೆತ್ತಗೆ, ತುಸು ಒರಟಾಗಿ, ಈಗಷ್ಟೇ ನಿದ್ದೆಯಿಂದೆದ್ದ ಹುಡುಗಿಯ ಗಂಟಲಿನಂಥ ಧ್ವನಿ ಬಂತು. ಅವಳದೇ ಧ್ವನಿ.

"ಇಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿದವರೆಲ್ಲ ಈ ಧ್ವನಿ ಹೇಗೆ ಬಂತು ಅಂತ ಪ್ರಾಣ ತಿಂತಿದ್ರು," ಅಂದ ಒಂಟೆ. ಅವನ ಕಣ್ಣು ತುಂಬಿತ್ತು. "ಅವಳು 'ಅಮ್ಮನ ಸೆಟ್ಟಿಂಗ್' ಅಂತಿದ್ಲು. ನಾವು ತಮಾಷೆ ಅಂದ್ಕೊಂಡಿದ್ವಿ."

"ನನ್ನ ಬೈಗುಳಕ್ಕೆ ಹೆಸರು ಬೇರೆ ಕೇಡು," ಅಂದು ಟೈಲರಮ್ಮ ಸರಕ್ಕನೆ ಹೊರಗೆ ಬಂದಳು. ಅವನೆದುರು ಅಳುವುದು ಬೇಡವಾಗಿತ್ತು.

ಹೊಲಿಗೆ ಯಂತ್ರದ ಮುಂದೆ ಕೂತಳು. ಗೋಡೆಯಾಚೆ ಹಾಡು ಶುರುವಾಯಿತು. ಅದೇ ಗೋಡೆ, ಅದೇ ಧ್ವನಿ, ಸೂಜಿಗೆ ದಾರ ಪೋಣಿಸುವ ಅದೇ ಕೈ. ಮಗಳು ಒಳಗಿದ್ದಾಳೆ, ಇನ್ನೇನು ಹಸಿವು ಅಂತ ಎದ್ದು ಬರುತ್ತಾಳೆ. ದಾರದ ತುದಿ ಸೂಜಿಯ ಕಣ್ಣು ತಪ್ಪಿತು. ತಪ್ಪಿದ್ದೇ ತಡ, ಎಷ್ಟೋ ವರ್ಷಗಳ ಅಭ್ಯಾಸ ಬಾಯಿಗೆ ಬಂತು.

"ಏ, ಕಮ್ಮಿ ಮಾಡೇ, ತಲೆ ಒಡೀತಿದೆ!"

ಗೋಡೆಯಾಚೆ ಗಿಟಾರ್ ಥಟ್ಟನೆ ನಿಂತಿತು.

ಮಗಳಾಗಿದ್ದರೆ ನಿಲ್ಲಿಸುತ್ತಿರಲಿಲ್ಲ.

ಟೈಲರಮ್ಮ ಸೂಜಿ ಹಿಡಿದುಕೊಂಡೇ ತಲೆಯೆತ್ತಿದಳು. ಬಾಗಿಲಲ್ಲಿ ಒಂಟೆ ತಲೆ ತಗ್ಗಿಸಿ ನಿಂತಿದ್ದ. "ನಿನಗಲ್ಲಪ್ಪಾ," ಅಂದಳು ಅವಳು, "ನೀನು ನುಡಿಸು, ನಿಲ್ಲಿಸ್ಬೇಡ." ಆಮೇಲೆ ಯಂತ್ರದ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು.