ಅಮೀರಬಿ ಹರಿದ ಪೀಠಿಕೆ

ತಿರ್ಲಾಪುರದ ಮಡಿವಾಳೆಪ್ಪ ಮಾಸ್ತರರು ಮೂವತ್ತಾರು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವರು. ನಿಬಂಧ ಬರೆಸುವುದರಲ್ಲಿ ಅವರನ್ನು ಮೀರಿಸುವವರು ನವಲಗುಂದ ತಾಲೂಕಿನಲ್ಲಿ ಇರಲಿಲ್ಲ. ಪೀಠಿಕೆ ಗಟ್ಟಿಯಾಗಿದ್ದರೆ ನಿಬಂಧ ತಾನಾಗಿ ನಿಲ್ಲುತ್ತದೆ ಎಂದು ನಂಬಿದ್ದ ಅವರು, ಯಾವ ವಿಷಯಕ್ಕೂ ಹೊಂದುವ ಒಂದು ಪೀಠಿಕೆಯನ್ನು ತಾವೇ ಕಟ್ಟಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ‘ಭರತಖಂಡವು ಪುಣ್ಯಭೂಮಿ. ಇಲ್ಲಿಯ ನದಿಗಳೂ ಬೆಳೆಗಳೂ ಜನರೂ ಲೋಕಕ್ಕೆ ಮಾದರಿ. ಇಂಥ ನಾಡಿನಲ್ಲಿ ಆಕಳಿಗೆ ವಿಶೇಷ ಸ್ಥಾನವಿದೆ.’ ಆಕಳಿನ ಜಾಗದಲ್ಲಿ ದೀಪಾವಳಿ ಬರೆಯಬಹುದು, ವೃತ್ತಪತ್ರಿಕೆ ಬರೆಯಬಹುದು.

ಜೋಳ ಹಸನು ಮಾಡುತ್ತ ಕೂತ ಹೆಂಡತಿ ರೇವವ್ವ ಇದನ್ನು ಕೇಳಿ ಕೇಳಿ ನಗುತ್ತಿದ್ದಳು.

“ಊರ ಮಕ್ಕಳಿಗೆಲ್ಲಾ ಒಂದ ಅಳತಿ ಅಂಗಿ ಹೊಲಸ್ತೀರಲ್ರಿ. ಒಬ್ಬರಿಗರ ಸರಿ ಕೂಡ್ತದೇನು?”

“ನಿನಗೇನು ತಿಳೀತದ? ಎಲ್ಲಾರೂ ಪಾಸಾಗ್ಯಾರ.”

ಆ ಮಾತು ಸುಳ್ಳಲ್ಲ. ಅವರ ಕೈಯಲ್ಲಿ ಕಲಿತವರು ಈಗ ತಾಲೂಕಿನ ಎಷ್ಟೋ ಊರುಗಳಲ್ಲಿ ತಾವೇ ಮಾಸ್ತರರಾಗಿದ್ದರು.

ರೇವವ್ವ ಹೋದ ಕಾರ್ತೀಕದಲ್ಲಿ ತೀರಿಕೊಂಡಳು. ಬೆಳಿಗ್ಗೆ ಕೆರೆಯಿಂದ ಬಂದು ಕೊಡ ಇಳಿಸಿ, “ಚಪ್ಪಲಿ ಅಲ್ಲೇ ಮರತು ಬಂದೆ ನೋಡ್ರಿ” ಎಂದು ಗೋಡೆಗೆ ಒರಗಿದಳು. ಅಷ್ಟೇ. ಮತ್ತೆ ಏಳಲಿಲ್ಲ. ಅಂದಿನಿಂದ ಮಾಸ್ತರರು ಕೆರೆಯ ಕಡೆಗೆ ಕಾಲಿಟ್ಟಿರಲಿಲ್ಲ. ಬಾಜೂ ಮನೆಯ ಅನ್ನವ್ವ ಎರಡು ಕೊಡ ನೀರು ತಂದು ಹಾಕುತ್ತಿದ್ದಳು. ಲಿಂಗಪೂಜೆ ತಪ್ಪಿರಲಿಲ್ಲ, ಆದರೆ ಅಂಗೈಯ ಲಿಂಗವನ್ನು ನೋಡುತ್ತ ಕೂತಾಗ ‘ಶಿವಾ’ ಎಂಬ ಒಂದು ಮಾತಿನ ಆಚೆ ಅವರಿಗೆ ಏನೂ ಬರುತ್ತಿರಲಿಲ್ಲ.

ಎಳ್ಳಮಾಸಿ ಹಬ್ಬ ಮುಗಿದ ವಾರ ಗಾದಿ ಹೊಲಿಯುವ ಪಿಂಜಾರ ಬಾಬಾಸಾಬ ಮಗಳನ್ನು ಕರೆದುಕೊಂಡು ಬಂದ. ಅಮೀರಬಿ ಏಳನೆಯ ಇಯತ್ತೆಯಲ್ಲಿದ್ದಳು. ನವಲಗುಂದದಲ್ಲಿ ನಿಬಂಧ ಸ್ಪರ್ಧೆ. ವಿಷಯ ಮೊದಲೇ ತಿಳಿಸಿದ್ದರು, ‘ನಮ್ಮೂರ ಕೆರೆ’. ಮೊದಲು ಬಂದ ಹುಡುಗಿಗೆ ಧಾರವಾಡದ ಹೈಸ್ಕೂಲು, ವಸತಿಗೃಹ, ಎಲ್ಲ ಪುಕ್ಕಟೆ.

“ಬಹುಮಾನ ಬಂದ್ರ ಧಾರವಾಡಕ್ಕ ಕಳಸ್ತೀನ್ರಿ ಮಾಸ್ತರ್ರ,” ಎಂದ ಬಾಬಾಸಾಬ. “ಇಲ್ಲಂದ್ರ ಅಕಿ ಖಾಲಾ, ಚಿಗವ್ವನ ಕೂಡ ಅಣ್ಣಿಗೇರಿ ಹತ್ತಿ ಗಿರಣಿಗೆ. ಮನ್ಯಾಗ ನಾಕು ಹುಡುಗ್ರು ಅವ. ನನ್ನ ಕೈಲೆ ಇಷ್ಟ ಆಗೂದ್ರಿ. ನಿಮ್ಮ ಮ್ಯಾಲ ಭಾರ.”

“ಬಿಡು ಬಾಬಾಸಾಬ. ಹುಡುಗಿ ಶಾಣ್ಯಾಕಿ ಅದಾಳ.”

ಮರುದಿನ ಅಮೀರಬಿ ಒಂದು ಹಾಳೆ ಬರೆದುಕೊಂಡು ಬಂದಳು. ಮಾಸ್ತರರು ಕಟ್ಟೆಯ ಮೇಲೆ ಕೂತು, “ಓದು” ಎಂದರು.

“‘ನಮ್ಮೂರ ಕೆರೆಯ ದಂಡೆಯಲ್ಲಿ ಒಂದು ಜೋಡು ಚಪ್ಪಲಿ ಇವೆ. ಅವನ್ನು ಬಿಟ್ಟುಹೋದವರು ಇನ್ನು ಬರುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಆದರೂ ಯಾರೂ ಅವನ್ನು ಸರಿಸಿಲ್ಲ. ಕುಡಿಯುವ ನೀರಿನ ಕೆರೆಗೆ ನಾವು ಬರಿಗಾಲಲ್ಲಿ ಇಳಿಯುತ್ತೇವೆ…’”

“ಸಾಕು.”

ಹುಡುಗಿ ನಿಲ್ಲಿಸಿದಳು. ಆ ಚಪ್ಪಲಿಗಳು ಇನ್ನೂ ಅಲ್ಲಿವೆಯೇ ಎಂದು ಮಾಸ್ತರರು ಕೇಳಬೇಕೆಂದುಕೊಂಡರು. ಕೇಳಲಿಲ್ಲ.

“ಆರಂಭ ಮಂಗಲ ಇರಬೇಕು,” ಎಂದರು. “ಸತ್ತವರ ಸುದ್ದಿ ಹಚ್ಚಿ ಯಾರರ ನಿಬಂಧ ಸುರು ಮಾಡ್ತಾರ?”

“ರೇವವ್ವ ಆಯಿ ಹೆಸರು ಬರದಿಲ್ರಿ, ಮಾಸ್ತರ್ರ.”

“ಬರೀಲಿಲ್ಲಂದ್ರ ಏನಾತು? ಪೀಠಿಕಿ ನಾ ಹೇಳ್ತೀನಿ, ಬರಕೋ.”

“ಒಳಗ ಎಲ್ಲೆರ ಬರೀಲ್ರಿ? ಕಡೀಕರ?”

“ಬ್ಯಾಡ ಅಂದ್ನೆಲ್ಲ! ಆ ಹಾಳಿ ಹರದ ಹಾಕು.”

ಸಾವಿನ ಸುದ್ದಿ ತಂದ ಕಾರ್ಡನ್ನು ಹೊಸ್ತಿಲ ಹೊರಗೇ ಓದಿ ಹರಿದು ಹಾಕುವ ಪದ್ಧತಿ ಆ ಊರಿನ ಎಲ್ಲ ಮನೆಗಳಲ್ಲೂ ಇತ್ತು. ಅಮೀರಬಿಗೂ ಅದು ಗೊತ್ತಿತ್ತು. ಅವಳು ಮರುಮಾತಾಡದೆ ಮೆಟ್ಟಿಲಿಳಿದು, ಹಾಳೆಯನ್ನು ಸಣ್ಣಸಣ್ಣಗೆ ಹರಿದು ಗಾಳಿಗೆ ಬಿಟ್ಟಳು. ಬಂದು ಕೂತು ಬರೆದುಕೊಂಡಳು: ‘ಭರತಖಂಡವು ಪುಣ್ಯಭೂಮಿ… ಇಂಥ ನಾಡಿನಲ್ಲಿ ಕೆರೆಗೆ ವಿಶೇಷ ಸ್ಥಾನವಿದೆ.’ ಹೇಳಿದ್ದನ್ನು ಹೇಳಿದಂತೆ ಕಲಿಯುವ ಹುಡುಗಿ. ನವಲಗುಂದದಲ್ಲಿ ಅಕ್ಷರ ತಪ್ಪದೆ ಹಾಗೆಯೇ ಬರೆದು ಬಂದಳು.

ಫಲಿತಾಂಶದ ದಿನ ಮಾಸ್ತರರು ತಾವೇ ಬಸ್ಸು ಹತ್ತಿ ಹೋದರು. ಮೂವರು ಪರೀಕ್ಷಕರಲ್ಲಿ ಒಬ್ಬ ಈರಪ್ಪ, ಅವರ ಹಳೆಯ ವಿದ್ಯಾರ್ಥಿ. ಓಡಿ ಬಂದು ಕಾಲು ಮುಟ್ಟಿದ. ಆಮೇಲೆ ಅವರ ಮುಖ ನೋಡದೆ ಮಾತಾಡಿದ.

“ಗುರುಗಳ, ಹತ್ತೊಂಬತ್ತು ಹುಡುಗ್ರು ಬರದಿದ್ರು. ಹನ್ನೊಂದು ಹಾಳ್ಯಾಗ ಅಗದಿ ಒಂದ ಪೀಠಿಕಿ. ಒಂದ ಕಡೆ ಕುಂತು ನಕಲು ಮಾಡ್ಯಾರ ಅಂತ ಅಧ್ಯಕ್ಷರು ಹನ್ನೊಂದನ್ನೂ ತಗದು ಬಾಜೂಕ ಇಟ್ರು. ಓದಲೇ ಇಲ್ರಿ.”

“ನೀ ಹೇಳಬೇಕಿತ್ತಲ್ಲೋ, ಅದು ನಕಲಲ್ಲ ಅಂತ!”

“ಹೇಳ್ದೆ ಗುರುಗಳ. ಇದು ನಮ್ಮ ಮಾಸ್ತರ್ರು ಕಲಿಸಿದ್ದು, ಏಳನೇ ಇಯತ್ತೆ ಮುಲ್ಕಿ ಪರೀಕ್ಷಾದಾಗ ನಾನೂ ಇದನ್ನ ಬರದೇನಿ, ನನ್ನ ಸಾಲಿ ಹುಡುಗ್ರಿಗೂ ಇದನ್ನ ಕಲಿಸೇನಿ ಅಂತ ಹೇಳ್ದೆ. ಹಂಗಾರ ನೀವೂ ನಕಲೇ ಅಂದ್ರು, ನಕ್ಕರು.”

ಮಾಸ್ತರರಿಗೆ ರೇವವ್ವನ ಮಾತು ನೆನಪಾಯಿತು. ಒಂದು ಅಳತೆಯ ಅಂಗಿ. ನಗುತ್ತಲೇ ಹೇಳಿದ್ದಳಲ್ಲ ಅವಳು.

“ಇನ್ನೊಮ್ಮೆ ಬರಸ್ರಿ. ಆ ಹುಡುಗಿ ಕಡೆ ಬ್ಯಾರೇದು ಇತ್ತು, ಈರಪ್ಪಾ. ಅಂಥಾದ್ದು ನನ್ನ ಜೀವಮಾನದಾಗ ಯಾವ ಹುಡುಗನೂ ಬರದಿಲ್ಲ. ನಾನ ಹರಿಸಿ ಹಾಕಿದೆ.”

“ಬಹುಮಾನ ಕೊಟ್ಟು ಆತ್ರಿ ಗುರುಗಳ.”

ಸಂಜೆಯ ಬಸ್ಸಿಗೆ ಊರಿಗೆ ಬಂದರು. ಬಾಬಾಸಾಬ ಅಂಗಳದಲ್ಲಿ ಹತ್ತಿ ಹಿಂಜುತ್ತಿದ್ದ, ಮೈಯೆಲ್ಲ ಬಿಳಿ. ಇವರ ಮುಖ ನೋಡಿದವನೇ ಕೈ ನಿಲ್ಲಿಸಿದ.

“ತಪ್ಪು ಹುಡುಗೀದಲ್ಲ ಬಾಬಾಸಾಬ. ನಂದು.”

“ಹಂಗನಬ್ಯಾಡ್ರಿ. ಖುದಾ ಬರದಂಗ ಆಗ್ತದ.”

ಭಗವಂತ ಬರೆಯಲಿಲ್ಲ, ನಾನು ಬರೆಸಿದೆ ಎಂದುಕೊಳ್ಳುತ್ತ ಮಾಸ್ತರರು ಕಟ್ಟೆಯ ತುದಿಗೆ ಕೂತರು. ಒಳಗಿನಿಂದ ಅಮೀರಬಿ ನೀರಿನ ತಂಬಿಗೆ ತಂದು ಅವರ ಮುಂದಿಟ್ಟಳು.

“ಪೀಠಿಕಿ ಮರೀಲಿಲ್ರಿ ಮಾಸ್ತರ್ರ,” ಎಂದಳು. “ಹೇಳಿದಂಗ ಬರದಿದ್ದೆ.”

ಶಾಲೆಯ ವಾರ್ಷಿಕ ಪರೀಕ್ಷೆ ಮುಗಿದ ಮರುದಿನವೇ ಅವಳು ಖಾಲಾನ ಜೊತೆ ಅಣ್ಣಿಗೇರಿಗೆ ಹೋದಳು. ಅಲ್ಲಿ ಹತ್ತಿಯೊಳಗಿನ ಕಸ ಆರಿಸುವ ಕೆಲಸ. ಆ ಬೇಸಿಗೆ ಬಾಬಾಸಾಬನ ಮನೆಯ ಮುಂದಿನ ದಾರಿಯನ್ನು ಬಿಟ್ಟು ಮಾಸ್ತರರು ಸುತ್ತು ಹಾಕಿ ಮಠಕ್ಕೆ ಹೋಗುತ್ತಿದ್ದರು.

ಅವಳು ಹೋಗಿ ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ ಪೂಜೆಗೆ ಕೂತವರು ಎದ್ದು, ಕೆರೆಯ ಕಡೆಗೆ ನಡೆದರು. ಏಕೆ ಎಂದು ಅವರಿಗೇ ತಿಳಿಯದು. ನೀರು ತಳ ಹಿಡಿದಿತ್ತು. ದಂಡೆಯ ಮೇಲೆ, ಹೆಂಗಸರು ಚಪ್ಪಲಿ ಬಿಡುವ ಜಾಗದಲ್ಲಿ, ಜಾಲಿಯ ಬುಡಕ್ಕೆ ಒಂದು ಜೋಡು ಇತ್ತು. ಬಲಗಾಲಿನದಕ್ಕೆ ಅವರೇ ಹಾಕಿಸಿಕೊಟ್ಟ, ಹೆಬ್ಬೆರಳು ತೂರಿಸುವ ಹೊಸ ಉಂಗುಷ್ಟ. ಉಳಿದವರ ಚಪ್ಪಲಿಗಳು ಅದಕ್ಕೆ ಒಂದು ಮೊಳ ಜಾಗ ಬಿಟ್ಟು ಸುತ್ತಲೂ ಬಿದ್ದಿದ್ದವು. ಹುಡುಗಿ ಬರೆದದ್ದು ಅಕ್ಷರಶಃ ನಿಜವಾಗಿತ್ತು. ಯಾರೂ ಅವನ್ನು ಸರಿಸಿರಲಿಲ್ಲ.

ಕೊಡ ಹೊತ್ತು ಮೇಲೆ ಬಂದ ಅನ್ನವ್ವ ಅವರನ್ನು ನೋಡಿ ನಿಂತಳು.

“ಒಯ್ತೀರೇನ್ರಿ ಮಾಸ್ತರ್ರ? ಒಯ್ರಿ. ಆ ಪಿಂಜಾರ ಹುಡುಗಿ ಇದ್ದಾಗ ದಿನಾ ಸೆರಗಿಲೆ ಒರಸಿ ಇಡ್ತಿದ್ಲು. ಈಗ ಯಾರು ಒರಸ್ತಾರ?”

ಮಾಸ್ತರರು ಬಗ್ಗಿದರು. ಚಪ್ಪಲಿಗಳ ಮೇಲೆ ಕರಿಮಣ್ಣಿನ ಧೂಳು ಕೂತಿತ್ತು. ಹದಿನೈದು ದಿನದ ಧೂಳು, ಅದಕ್ಕಿಂತ ಹೆಚ್ಚಿನದಲ್ಲ. ಒರೆಸಲೆಂದು ಚಾಚಿದ ಕೈ ಅಲ್ಲಿಯವರೆಗೆ ಹೋಗಲೇ ಇಲ್ಲ.