ಜೇವರ್ಗಿಯ ಖಾಲಿ ಫೋಲ್ಡರು

ಕಣ್ಣಿನ ಶಿಬಿರ ನಡೆಸುವ ಆಳಂದದ ಸಣ್ಣ ಸಂಸ್ಥೆಯೊಂದಕ್ಕೆ ತೊಂಬತ್ತೇಳರ ಮಳೆಗಾಲದಲ್ಲಿ ಕಂಪ್ಯೂಟರು ಬಂತು. ಅದರ ಬೆನ್ನಿಗೆ ಹೈದರಾಬಾದಿನಲ್ಲಿ ತರಬೇತಿ ಮುಗಿಸಿದ ಪ್ರಮಿಲಾ ಬಂದಳು. ಯಂತ್ರದಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಅಷ್ಟೇ. ಬೇಕಾದ್ದನ್ನು ಟೈಪು ಮಾಡಿ ಹೇಳಬೇಕು. ಒಂದಕ್ಷರ ತಪ್ಪಿದರೂ ಅದು ಕಿವುಡನಂತೆ ಕೂತುಬಿಡುತ್ತಿತ್ತು.

ಫೋನಿನ ತಂತಿಯ ಮೇಲೆ ಡಾಕ್ಟರುಗಳ ಇ-ಮೇಲುಗಳು ಬರುತ್ತಿದ್ದವು. ಅವನ್ನು ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ಫೋಲ್ಡರುಗಳಿಗೆ ಹಂಚುವುದು ಪ್ರಮಿಲಾಳ ಕೆಲಸ. ‘ರಿಫೈಲ್’ ಎಂದು ಬರೆದು, ಸಂದೇಶದ ನಂಬರು ಹೊಡೆದು, ಊರಿನ ಹೆಸರು ಕೊಟ್ಟರೆ ಅದು ಆ ಫೋಲ್ಡರಿಗೆ ಹೋಗಿ ಕೂರುತ್ತಿತ್ತು. ಸಂಜೆ ಆಯಾ ಫೋಲ್ಡರಿನ ಸಂದೇಶಗಳ ಪ್ರಿಂಟು ತೆಗೆದು, ಲಕೋಟೆಗೆ ಹಾಕಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು.

ಗುಲ್ಬರ್ಗಾದಲ್ಲಿದ್ದ ಕಾರ್ಯದರ್ಶಿ ದತ್ತಾತ್ರೇಯರು ಮೊದಲೇ ಹೇಳಿಬಿಟ್ಟಿದ್ದರು: ಸಂಕ್ರಾಂತಿ ನಂತರದ ಶಿಬಿರಗಳು ಸರಿಯಾಗಿ ನಡೆದರೆ ಯಂತ್ರ ಇರುತ್ತದೆ, ಇಲ್ಲವಾದರೆ ವಾಪಸು. ಯಂತ್ರ ಹೋದರೆ ಪ್ರಮಿಲಾಳ ಕೆಲಸವೂ ಹೋದಂತೆ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ಅಣ್ಣನ ಮನೆಯಿಂದ ದಿನಾ ಬಸ್ಸು ಹತ್ತಿ ಬರುವವಳು ಅವಳು. ಆಮೇಲೆ ಬಸ್ಸು ಹತ್ತುವ ಕಾರಣವೇ ಇರುವುದಿಲ್ಲ. ಅತ್ತಿಗೆ ಹೇಳಿದ್ದು ಮಾಡಿಕೊಂಡು ಇರಬೇಕು. ಅದು ಅವಳಿಗೆ ಬೇಡವಾಗಿತ್ತು.

ಆಳಂದದ ಕಚೇರಿ ನೋಡಿಕೊಳ್ಳುತ್ತಿದ್ದ ಬಸವಂತರಾಯರು ತಹಸೀಲ ಕಚೇರಿಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ಅಲ್ಲಿನ ರಿವಾಜನ್ನೇ ಇಲ್ಲಿಗೂ ತಂದಿದ್ದರು.

“ಒಂದು ಕಾಗದಕ್ಕ ಒಂದೇ ಫೈಲು. ನಾಲ್ಕು ಊರಿನ ಹೆಸರಿದ್ರ, ಮೊದಲನೇ ಹೆಸರು ಯಾವ್ದೋ ಆ ಊರಿನ ಫೈಲಿಗೆ ಹಾಕು.”

“ಇದು ಕಾಗದ ಅಲ್ರಿ ಕಾಕಾ.”

“ಪ್ರಿಂಟ್ ತಗದ ಮ್ಯಾಲ ಏನಾಗ್ತದ? ರೊಟ್ಟಿ ಆಗ್ತದೇನು?”

ಒಂದೇ ಆಜ್ಞೆಯಲ್ಲಿ ಒಂದು ಸಂದೇಶವನ್ನು ಮೂರು ಫೋಲ್ಡರಿಗೂ ಹಾಕಬಹುದು ಎಂಬುದು ಪ್ರಮಿಲಾಳಿಗೆ ಗೊತ್ತಿತ್ತು. ಆದರೆ ಹಿರಿಯರ ಜೊತೆ ವಾದಕ್ಕೆ ಇಳಿದರೆ ದಿನವೇ ಹಾಳು. ಹೂಂ ಎಂದು ಸುಮ್ಮನಾಗಿದ್ದಳು.

ಸಂಕ್ರಾಂತಿಯ ಮರುದಿನ ಜೇವರ್ಗಿಯಿಂದ ಶಾಂತಲಿಂಗಪ್ಪನ ಫೋನು ಬಂತು. ಅಲ್ಲಿನ ಶಿಬಿರದ ಓಡಾಟವೆಲ್ಲ ಅವನದೇ.

“ಅಕ್ಕಾರ, ಡಾಕ್ಟರ್ ಬರೋ ತಾರೀಖು ಇನ್ನೂ ಬಂದಿಲ್ಲಲ್ರಿ. ಡಂಗುರ ಯಾವಾಗ ಸಾರಸ್ಲಿ? ಮುದುಕರು ದಿನಾ ಬಂದು ನನ್ನ ಜೀವಾ ತಿನ್ನಾಕತ್ತಾರ.”

ಜೇವರ್ಗಿಯ ಫೋಲ್ಡರು ತೆರೆದು ನೋಡಿದಳು. ಹೊಸದೇನೂ ಇರಲಿಲ್ಲ. ಉಳಿದ ಫೋಲ್ಡರುಗಳಲ್ಲಿ ಜೇವರ್ಗಿ ಎಂಬ ಹೆಸರಿರುವ ಸಂದೇಶ ಹುಡುಕಲು ಯಂತ್ರಕ್ಕೆ ಹೇಳಿದಳು. ಆಳಂದದ ಫೋಲ್ಡರಿನಲ್ಲಿ ಸಿಕ್ಕಿತು. ಸೊಲ್ಲಾಪುರದ ಡಾಕ್ಟರ್ ಜಯತೀರ್ಥರು ವಾರದ ಹಿಂದೆ ಬರೆದದ್ದು: ಸಂಕ್ರಾಂತಿ ಕಳೆದ ಮೊದಲ ಭಾನುವಾರ ಆಳಂದ, ಸೋಮವಾರ ಜೇವರ್ಗಿ, ಮಂಗಳವಾರ ಅಫಜಲಪುರ. ಆಳಂದದ ಹೆಸರು ಮೊದಲು ಬಂದಿದ್ದಕ್ಕೆ ಅಲ್ಲಿಗೆ ಹಾಕಿದವಳು ಅವಳೇ.

ಓದಿ ಹೇಳಿದಳು.

“ಸೋಮವಾರ ಏನ್ರಿ? ಸೋಮವಾರ ಬಸವಣ್ಣನ ದಿನ ಅಲ್ರಿ ಅಕ್ಕಾರ. ನಮ್ಮ ಕಡೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಬಂಡಿ ಹೂಡದಿದ್ರ ಕಣ್ಣು ಕಾಣದವರು ಹಳ್ಳಿಯಿಂದ ಹೆಂಗ ಬರ್ತಾರ? ಡಾಕ್ಟರ್ ಬಂದು ಶಿಬಿರ ಇಟ್ಟ ಸಾಲ್ಯಾಗ ಬರೇ ಗ್ವಾಡಿ ತಪಾಸ ಮಾಡಿ ಹೋಗಬೇಕು, ಅಷ್ಟ.”

ಪ್ರಮಿಲಾ ಹುಟ್ಟಿದ್ದೂ ಎತ್ತಿದ್ದ ಮನೆಯಲ್ಲೇ. ಸೋಮವಾರ ಅಣ್ಣನೂ ಬಂಡಿ ಹೂಡುವುದಿಲ್ಲ. ಆ ಸಂದೇಶ ಓದಿ ಫೋಲ್ಡರಿಗೆ ಹಾಕುವಾಗ ಅವಳಿಗೆ ಕಂಡದ್ದು ಊರಿನ ಹೆಸರು ಮಾತ್ರ.

ಅಫಜಲಪುರಕ್ಕೂ ಫೋನು ಮಾಡಿದಳು. ಅವರಿಗೂ ಸುದ್ದಿ ಇರಲಿಲ್ಲ, ಆದರೆ ಮಂಗಳವಾರಕ್ಕೆ ಅವರ ಅಡ್ಡಿಯಿಲ್ಲ; ಸೋಮವಾರ ಮಾತ್ರ ಅಲ್ಲಿಯೂ ಬಂಡಿ ಹೂಡುವುದಿಲ್ಲ. ಉಳಿದದ್ದು ಒಂದೇ ದಾರಿ: ಬಸ್ಸು, ಟೆಂಪೊ ಹೆಚ್ಚಿರುವ ಆಳಂದದ ಶಿಬಿರ ಸೋಮವಾರಕ್ಕೆ ಹೋಗಬೇಕು, ಭಾನುವಾರವನ್ನು ಜೇವರ್ಗಿಗೆ ಬಿಡಬೇಕು.

“ಆಗಂಗಿಲ್ಲ,” ಎಂದರು ಬಸವಂತರಾಯರು. “ನಿನ್ನೆ ಆಟೋಕ್ಕ ಮೈಕ್ ಕಟ್ಟಿ ಹಿರೋಳ್ಳಿ ತನಕ ಕಳ್ಸೀನಿ. ಭಾನುವಾರ ಅಂತ ಒದರಿ ಬಂದಾನ. ಈಗ ಸೋಮವಾರ ಅಂದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ.”

ಪ್ರಮಿಲಾ ಅವರ ಎದುರಿಗೇ ಯಂತ್ರದ ಮುಂದೆ ಕೂತಳು. ‘ರಿಫೈಲ್’ ಎಂದು ಬರೆದು, ಸಂದೇಶದ ನಂಬರು ಕೊಟ್ಟು, ಒಂದೇ ಸಾಲಿನಲ್ಲಿ ಮೂರೂ ಊರಿನ ಹೆಸರು ಹೊಡೆದಳು. ಆಮೇಲೆ ಒಂದೊಂದೇ ಫೋಲ್ಡರು ತೆರೆದು ತೋರಿಸಿದಳು. ಮೂರರಲ್ಲೂ ಅದೇ ಸಂದೇಶ ಇತ್ತು.

“ಇದನ್ನ ಮೊದಲೇ ಮಾಡಾಕ ಬರ್ತಿತ್ತೇನು?”

“ಬರ್ತಿತ್ರಿ. ನೀವು ಬ್ಯಾಡ ಅಂದ್ರಿ, ನಾ ಸುಮ್ಮಕ ಕುಂತೆ. ತಪ್ಪು ಇಬ್ಬರದೂ ಐತಿ. ಮೂರೂ ಊರಿಗೆ ಬರೋದು ಒಬ್ರೇ ಡಾಕ್ಟರ್ ಕಾಕಾ. ಅವರನ್ನ ಯಾವ ಫೈಲಿಗೆ ಹಾಕ್ತೀರಿ?”

ಬಸವಂತರಾಯರು ಬಾಯಲ್ಲಿದ್ದ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡರು. ಹೊರಗೆ ಹೋಗಿ ಉಗುಳಿ ಬಂದರು.

“ಡಾಕ್ಟರಿಗೆ ಬರಿ. ಅವ್ರು ಹೂಂ ಅಂದ್ರ ಮೈಕಿನವನ್ನ ಮತ್ತ ಕರಸ್ತೇನಿ.”

ಮರುದಿನ ಸೊಲ್ಲಾಪುರದಿಂದ ಉತ್ತರ ಬಂತು. ಒಪ್ಪಿಗೆ, ಜೇವರ್ಗಿಯಲ್ಲಿ ಒಂದು ಟೇಬಲ್ಲು ಹೆಚ್ಚಿಗೆ ಇರಲಿ. ಪ್ರಮಿಲಾ ಯಾರನ್ನೂ ಕೇಳದೆ ಅದನ್ನು ಮೂರು ಫೋಲ್ಡರಿಗೂ ಹಾಕಿದಳು. ಸಂಜೆಯ ಬಸ್ಸಿನ ಕಂಡಕ್ಟರ್ ಮೆಹಬೂಬ ಲಕೋಟೆ ಒಯ್ದ.

ಭಾನುವಾರ ಜೇವರ್ಗಿಯ ಶಾಲೆಯ ಅಂಗಳದಲ್ಲಿ ಬಂಡಿ ನಿಲ್ಲಿಸಲು ಜಾಗ ಸಾಲಲಿಲ್ಲ. ಬಂದವರಲ್ಲಿ ಎಲ್ಲರಿಗೂ ಕಣ್ಣಿನ ಆಪರೇಷನ್ ಆಗಲಿಲ್ಲ. ಸಕ್ಕರೆ ಕಾಯಿಲೆಯ ಕೆಲವರನ್ನು ಡಾಕ್ಟರು ಹಿಂದಕ್ಕೆ ಕಳಿಸಿದರು. ಆಳಂದದಲ್ಲಿ ಹಿರೋಳ್ಳಿಯ ಒಂದು ಟೆಂಪೊ ಹಳೆಯ ಸುದ್ದಿ ನಂಬಿ ಭಾನುವಾರವೇ ಬಂದಿಳಿಯಿತು. ಬಸವಂತರಾಯರು ಅವರಿಂದ ಬೈಸಿಕೊಂಡರು, ಅನ್ನ ಹಾಕಿಸಿದರು, ರಾತ್ರಿ ಕಚೇರಿಯಲ್ಲೇ ಮಲಗಿಸಿದರು. ಸೋಮವಾರ ಆಳಂದದ ಶಿಬಿರ, ಮಂಗಳವಾರ ಅಫಜಲಪುರದ್ದೂ ಮುಗಿಯಿತು.

ಬುಧವಾರ ದತ್ತಾತ್ರೇಯರು ಫೋನು ಮಾಡಿದರು. ಬಸವಂತರಾಯರು ಹೌದ್ರಿ, ಹೌದ್ರಿ ಎಂದು ಕೇಳಿಸಿಕೊಂಡು ಫೋನಿಟ್ಟರು.

“ಯಂತ್ರ ಇಲ್ಲೇ ಇರ್ತದಂತ. ಜೇವರ್ಗಿ ಶಾಂತಲಿಂಗಪ್ಪಗೂ ಕಲಿಸಬೇಕಂತ. ವಾರಕ್ಕೊಮ್ಮೆ ಬರ್ತಾನ, ತಯಾರಿರು.”

“ನೀವೂ ಕಲಿರಿ ಕಾಕಾ.”

“ನನಗ ಪರದೆ ನೋಡಿ ಓದಾಕ ಬಂದ್ರ ಸಾಕು.”

ಆ ಸಂಜೆ ಪ್ರಮಿಲಾ ದಿನದ ಬಸ್ಸು ಹತ್ತಲಿಲ್ಲ, ಮುಂದಿನ ಬಸ್ಸಿಗೆ ಊರಿಗೆ ಹೋದರಾಯಿತು ಎಂದುಕೊಂಡಳು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಜರಾಬಿಯ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆಯೆಂದು ಮೆಹಬೂಬ ಹೇಳಿದ್ದ. ಕೋಣೆ ಸಣ್ಣದು, ಕಿಟಕಿ ದೊಡ್ಡದು. ಒಲೆ ಹಚ್ಚಲು ಜಾಗವಿತ್ತು.

“ಎಷ್ಟು ದಿನ ಇರ್ತಿ ಬೇ?” ಎಂದು ಹಜರಾಬಿ ಕೇಳಿದಳು.

“ಇರ್ತೇನ್ರಿ,” ಎಂದಳು ಪ್ರಮಿಲಾ. ಕಿಟಕಿಯ ಚಿಲಕ ತೆಗೆದು ಹಾಕಿ ನೋಡಿದಳು. “ಅಣ್ಣಗ ಹೇಳಿ ನಾಳೆ ಹಾಸಿಗೆ ತರ್ತೇನಿ.”